ಗುಡ್ಡ ಹಾರಿಸಿ ಓದು

ತೀರ್ಥಹಳ್ಳಿಯಿಂದ ಕೊಪ್ಪದ ಕಡೆ ಹೋಗುವಾಗ ಕುಪ್ಪಳಿಯಲ್ಲಿ ಇಳಿದು ಕವಿಶೈಲ ಹತ್ತಿದವರ ಬಾಯಲ್ಲಿ ಬರುವ ಮಾತು ಹೆಚ್ಚುಕಮ್ಮಿ ಒಂದೇ: ‘ಇಂಥಾ ಜಾಗದಲ್ಲಿ ಹುಟ್ಟಿದ್ರೆ ಯಾರಾದ್ರೂ ಕವಿ ಆಗ್ತಾರೆ ಬಿಡಿ.’ ಆಮೇಲೆ ಫೋಟೊ. ಆ ಸೀಮೆಯವನೇ ಆದ ನನಗೆ ಒಳಗೊಳಗೇ ನಗು. ಅದೇ ಮಳೆ, ಅದೇ ಕಾಡು, ಅದೇ ಇಂಬಳ ಎಲ್ಲರ ಪಾಲಿಗೂ ಇತ್ತಲ್ಲ! ನಮ್ಮೂರಲ್ಲಿ ಕವಿಗಳಿಗಿಂತ ಕೋರ್ಟು ಹತ್ತಿದವರೇ ಹೆಚ್ಚು.

ಬೆಟ್ಟ ಇಳಿದ ಮೇಲೆ ಕುಪ್ಪಳಿಯ ಮನೆಯನ್ನು ಸ್ವಲ್ಪ ನಿಧಾನವಾಗಿ ನೋಡಿ ಎನ್ನುತ್ತೇನೆ ನಾನು. 1904ರಲ್ಲಿ ಹಿರೇಕೊಡಿಗೆಯಲ್ಲಿ ಹುಟ್ಟಿ ಇಲ್ಲಿ ಬೆಳೆದ ಪುಟ್ಟಪ್ಪನವರಿಗೆ, ಅಂದರೆ ಕುವೆಂಪು ಅವರಿಗೆ, ಮೊದಲ ಪಾಠ ಆದದ್ದು ಮನೆಗೇ ಕರೆಸಿಕೊಂಡ ಮೇಷ್ಟರಿಂದ. ಮಲೆನಾಡಿನ ದೊಡ್ಡ ಮನೆಗಳಲ್ಲಿ ಆಗ ಜೈಮಿನಿ ಭಾರತವನ್ನೋ ತೊರವೆ ರಾಮಾಯಣವನ್ನೋ ಜಗಲಿಯಲ್ಲಿ ಒಬ್ಬರು ರಾಗವಾಗಿ ಓದುವುದು, ಉಳಿದವರು ಕವಳ ಹಾಕುತ್ತ ಕೇಳುವುದು ರೂಢಿ. ಮೈಸೂರಿಗೆ ಹೋದ ಮೇಲೆ ಪುಟ್ಟಪ್ಪನವರು ಇಂಗ್ಲಿಷಿನಲ್ಲೇ ಪದ್ಯ ಕಟ್ಟಿ, 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂದು ಅಚ್ಚೂ ಹಾಕಿಸಿದರು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದ ಮೇಲೆ ಕನ್ನಡಕ್ಕೆ ತಿರುಗಿದ್ದು. ಕಾಡು ಅಷ್ಟು ಹೊತ್ತಿಗೆ ಕಣ್ಣಲ್ಲಿತ್ತು, ನಿಜ. ಆದರೆ ಆ ಕಾಡಿಗೆ ಕನ್ನಡ ಒದಗಿದ್ದು ಜಗಲಿಯಲ್ಲಿ ಪಳಗಿದ ಕಿವಿಯಿಂದ ಎಂದು ನನ್ನ ಗುಮಾನಿ.

ಇದೇ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯ ಕತೆಗಾರ ಯು.ಆರ್. ಅನಂತಮೂರ್ತಿಯವರು ಅಗ್ರಹಾರದ ಹುಡುಗನಾಗಿದ್ದಾಗಲೇ ಕೈಬರಹದ ಪತ್ರಿಕೆ ಹೊರಡಿಸಿದ್ದರು. ಅಂಥ ಪತ್ರಿಕೆಯ ಓದುಗರು ಊರವರೇ; ಹಾಗೆ ಓದುವವರು, ಕೇಳುವವರು ಕಣ್ಣೆದುರೇ ಇದ್ದರೆ ಆಗುವ ಪಾಡು ನನಗೂ ಸ್ವಲ್ಪ ಗೊತ್ತು.

ನನ್ನ ಕಿವಿ ಪಳಗಿದ್ದು ಅಡಕೆ ಸುಲಿಯುವಲ್ಲಿ. ಕೊನೆಕೊಯ್ಲು ಶುರುವಾಯಿತೆಂದರೆ ರಾತ್ರಿ ಗ್ಯಾಸ್‌ಲೈಟು ತೂಗುಹಾಕಿ, ಅದರ ಸುತ್ತ ಮೆಟ್ಟುಗತ್ತಿಗಳ ಸಾಲು. ಮೇಲೆದ್ದ ಕತ್ತಿಯ ಬಾಯಿಗೆ ಕಾಯಿ ಒತ್ತಿ ಒಮ್ಮೆ ತಿರುಗಿಸಿದರೆ ಸಿಪ್ಪೆ ಆ ಕಡೆ, ಅಡಕೆ ಬುಟ್ಟಿಗೆ. ಬೆರಳೆಲ್ಲ ಕಪ್ಪು. ಕೂಲಿ ಡಬ್ಬದ ಲೆಕ್ಕ, ಹಾಗಾಗಿ ಕತ್ತೆತ್ತಿ ನೋಡಲು ಯಾರಿಗೂ ಪುರಸೊತ್ತಿಲ್ಲ. ಕಿವಿ ಮಾತ್ರ ಖಾಲಿ. ನನ್ನ ಕೈಗೆ ಕತ್ತಿ ಕೊಡಲು ಅಮ್ಮನಿಗೆ ಧೈರ್ಯ ಸಾಲದೆ ಪುಸ್ತಕ ಕೊಟ್ಟರು. ಓದುವುದು ನನ್ನ ಕೆಲಸವಾಯಿತು.

ತ್ರಿವೇಣಿಯವರ ಕಾದಂಬರಿ, ‘ಸುಧಾ’ದ ಧಾರಾವಾಹಿ, ಎನ್. ನರಸಿಂಹಯ್ಯನವರ ಪತ್ತೇದಾರಿ, ಪೇಟೆಗೆ ಹೋದವರು ತಂದದ್ದು ಯಾವುದಾದರೂ ಸರಿ. ಪ್ರೇಮದ ಕತೆಯಲ್ಲಿ ನಾನು ಭಾವ ತುಂಬಿ ಬೆಟ್ಟ, ಮೋಡ, ಸೂರ್ಯಾಸ್ತ ಅಂತ ಎಳೆಯುತ್ತಿದ್ದರೆ ಸುಲಿಯುವವರಲ್ಲಿ ಹಿರಿಯಾಕೆ ಕೈ ನಿಲ್ಲಿಸದೆಯೇ ಹೇಳುತ್ತಿದ್ದಳು: ‘ಗುಡ್ಡ ಹಾರ್ಸು ಅಪ್ಪಿ, ನಾವು ನೋಡಿದ್ದೇ ಅಲ್ದಾ. ಆ ಹುಡ್ಗಿ ಮನೆ ಬಿಟ್ಲಾ ಇಲ್ವಾ, ಅದ್ನ ಹೇಳು.’ ಮುಂದೆ ನಾನು ಕಂಡ ಸಂಪಾದಕರಲ್ಲಿ ಇಷ್ಟು ನೇರ ಮನುಷ್ಯರು ಕಡಿಮೆ.

ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಸುರಿಯುವ ಆಗುಂಬೆಯ ನೆರೆಯವರು ನಾವು. ಮಳೆಗಾಲ ಕಳೆದ ಪುಸ್ತಕಗಳಿಗೆ ಬೂಷ್ಟು ಬಂದು ಕೊನೆಯ ಹಾಳೆಗಳು ಬಿಡಿಸಿದರೂ ಬಿಡದಂತೆ ಅಂಟಿಕೊಂಡಿರುತ್ತಿದ್ದವು. ಆಗ ಕತೆ ಮುಗಿಸುವ ಭಾರ ಸುಲಿಯುವವರದು. ಒಬ್ಬಳು ಮದುವೆ ಮಾಡಿಸಿದರೆ ಇನ್ನೊಬ್ಬಳು ಅತ್ತೆಗೆ ಲಕ್ವ ಹೊಡೆಸುತ್ತಿದ್ದಳು. ಎರಡನೆಯದನ್ನೇ ಎಲ್ಲರೂ ಒಪ್ಪುತ್ತಿದ್ದರು.

ಹೀಗಿರುವಾಗ ಯಾರದೋ ಮನೆಯಿಂದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಬಂತು. 1967ರಲ್ಲಿ ಬಂದ ಆ ಕಾದಂಬರಿಯಲ್ಲಿ ಗುಡ್ಡಕ್ಕೇನು ಕೊರತೆ? ಬೈಸಿಕೊಳ್ಳುತ್ತೇನೆ ಎಂದುಕೊಂಡೇ ಶುರುಮಾಡಿದೆ. ಸಿಂಬಾವಿಯ ಆಳು ಗುತ್ತಿ, ಜೊತೆಗೆ ಅವನ ನಾಯಿ ಹುಲಿಯ, ಬೆಟ್ಟಳ್ಳಿಯ ಕಡೆಗೆ ಕಾಡಿನಲ್ಲಿ ನಡೆದೇ ನಡೆಯುತ್ತಾರೆ. ಹಾರಿಸು ಎಂಬ ದನಿ ಏಳಲಿಲ್ಲ. ಆ ಗುಡ್ಡ ಗುತ್ತಿ ಕಾಲಲ್ಲಿ ಹತ್ತಬೇಕಾದ ಗುಡ್ಡ. ಕತ್ತಲಾಗುವುದರೊಳಗೆ ದಾಟದಿದ್ದರೆ ಅವನ ಗತಿ ಏನು ಎಂಬ ಚಿಂತೆ ಸುಲಿಯುವವರಿಗೆಲ್ಲ ಅಂಟಿಕೊಂಡಿತು. ಅಷ್ಟು ಹೊತ್ತಿಗೆ ಹೊರಟವನು ಬೆಟ್ಟಳ್ಳಿ ಮುಟ್ಟುವುದು ಯಾವಾಗ, ಬಳಸುದಾರಿ ಹಿಡಿದಿದ್ದರೆ ಆಗುತ್ತಿರಲಿಲ್ಲವೇ, ಬೆನ್ನಿಗೆ ನಾಯಿ ಇದ್ದದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ಜಗಳವೇ ಆಯಿತು. ಸುಲಿಯುವುದು ನಿಧಾನವಾಗುತ್ತಿದೆ ಎಂದು ಅಪ್ಪ ಒಳಗಿನಿಂದ ಎರಡು ಸಲ ಕೆಮ್ಮಿದರು. ನಾನು ಹಾಳೆ ಮಗುಚಲು ಹೊರಟರೆ ಆ ಹಿರಿಯಾಕೆ ಬಿಡಲಿಲ್ಲ.

‘ತಡಿ ಅಪ್ಪಿ. ಹತ್ತಿದ್ದು ಇನ್ನೊಂದ್ಸಲ ಓದು, ಯಾವ ದಾರಿ ಅಂತ ನೋಡನ.’