ಬೆಂಕಿಯ ಬೆನ್ನಿಗೇ ಕೆಸರು

ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಒಳನಾಡಿನ ಎತ್ತರದ ಮರುಭೂಮಿಯಿಂದ ಕಡಲಿನತ್ತ ಬೀಸುವ ‘ಸಾಂಟಾ ಆನಾ’ ಗಾಳಿಯು, ಕಣಿವೆಗಳಲ್ಲಿ ಇಳಿಯುತ್ತ ಒತ್ತಡಕ್ಕೆ ಸಿಕ್ಕಿ ಬಿಸಿಯೇರಿ, ಬೇಸಿಗೆಯಿಡೀ ಮಳೆ ಕಾಣದ ‘ಚಾಪರಲ್’ ಎಂಬ ಕುರುಚಲು ಕಾಡಿನ ಅಳಿದುಳಿದ ತೇವವನ್ನೂ ಹೀರುವುದರಿಂದ, ಒಂದು ಕಿಡಿಯೇ ಕಾಳ್ಗಿಚ್ಚಾಗಬಲ್ಲದು. ಬೆಂಕಿ ಆರಿದರೂ ಅಪಾಯ ತೀರದು. ಉರಿದ ಸೊಪ್ಪುಸದೆಯ ಮೇಣದಂತಹ ಅಂಶವು ಆವಿಯಾಗಿ ಮಣ್ಣಿಗಿಳಿದು, ನೀರನ್ನು ಇಂಗಗೊಡದ ಪದರವಾಗುತ್ತದೆ. 2017ರ ಡಿಸೆಂಬರಿನಲ್ಲಿ ‘ಥಾಮಸ್’ ಕಾಳ್ಗಿಚ್ಚು ಬೋಳಾಗಿಸಿದ್ದ ಬೆಟ್ಟಗಳ ಮೇಲೆ 2018ರ ಜನವರಿ 9ರಂದು ಬಿರುಮಳೆ ಸುರಿದಾಗ, ಬಂಡೆಗಳನ್ನು ಹೊತ್ತು ನುಗ್ಗಿದ ಕೆಸರು ಮಾಂಟೆಸಿಟೊ ಊರಿನಲ್ಲಿ 20ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಆದ್ದರಿಂದ ಇಂತಹ ಒಣ ಸೀಮೆಯಲ್ಲಿ ಮನೆಯ ಸುತ್ತ 100 ಅಡಿಯವರೆಗೆ ಒಣಪೊದೆ ಸವರುವುದು ಎಷ್ಟು ಮುಖ್ಯವೋ, ಮಳೆಗೆ ಮುನ್ನ ಬರುವ ತೆರವಿನ ಸೂಚನೆಯನ್ನು ಪಾಲಿಸುವುದೂ ಅಷ್ಟೇ ಮುಖ್ಯ.