ಮೆಣಸು ಕೊಟ್ಟರೆ ಹಡಗು

ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಕೂಡಿ ಕಳೆದು ನಿವೃತ್ತನಾದ ನನಗೆ ವಿಡಿಯೊ ಗೇಮ್ ಎಂದರೆ ಬರೀ ಕಾಲಹರಣ ಎಂದೇ ಲೆಕ್ಕ. ಕಳೆದ ಬೇಸಿಗೆಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬೆಂಗಳೂರಿನ ಮಗನ ಮನೆಗೆ ಹೋಗಿದ್ದೆ. ಟಿ.ವಿ. ನೋಡಬಹುದು ಎಂದು ಡಾಕ್ಟರು ಹೇಳಿದ ದಿನವೇ ಆರನೇ ಕ್ಲಾಸಿನ ಮೊಮ್ಮಗ ಪಕ್ಕದಲ್ಲಿ ಬಂದು ಕೂತ. "ಅಜ್ಜ, ಬಾ, ದೇಶ ಸುತ್ತೋಣ" ಎಂದ.

ಆಟದ ಹೆಸರು ಡ್ರ್ಯಾಗನ್ ಕ್ವೆಸ್ಟ್ 3. ಜಪಾನಿನಲ್ಲಿ ಇದು ಮೊದಲು ಬಂದದ್ದು 1988ರ ಫೆಬ್ರವರಿ 10ರಂದು. ಆಗ ನಾನು ಕೌಂಟರಿನಲ್ಲಿ ಲೆಡ್ಜರ್ ಬರೆಯುತ್ತಿದ್ದೆ. ಅಲ್ಲಿನ ಹುಡುಗರು ಶಾಲೆ ತಪ್ಪಿಸಿ ಅಂಗಡಿಗಳ ಮುಂದೆ ಸಾಲು ನಿಂತಿದ್ದರಂತೆ! ಅದೇ ಆಟ ಹೊಸ ಚಿತ್ರಗಳೊಂದಿಗೆ 2024ರ ನವೆಂಬರ್ 14ರಂದು ಮತ್ತೆ ಬಿಡುಗಡೆಯಾಗಿದೆ. ಇಂಥವಕ್ಕೆ ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಯಕ್ಷಗಾನದಲ್ಲಿ ವೇಷ ಕಟ್ಟಿದ ಹಾಗೆ, ನಾವೂ ಒಂದು ಪಾತ್ರವಾಗಿ ಕಥೆಯೊಳಗೆ ನಡೆಯುವುದು.

ಕಥೆ ಶುರುವಾಗುವುದು ಅಲಿಯಾಹಾನ್ ಎಂಬ ಊರಿನಲ್ಲಿ. ಹದಿನಾರು ತುಂಬಿದ ದಿನ ತಾಯಿ ಮಗುವನ್ನು ಎಬ್ಬಿಸಿ ರಾಜನ ಬಳಿ ಕರೆದೊಯ್ಯುತ್ತಾಳೆ. ರಾಕ್ಷಸನನ್ನು ಹುಡುಕಿಕೊಂಡು ಹೋದ ತಂದೆ ಮರಳಿಲ್ಲ. ಈಗ ಮಗುವಿನ ಸರದಿ. ಜೊತೆಗೆ ಯೋಧ, ಮಂತ್ರವಾದಿ, ಪೂಜಾರಿ ಹೀಗೆ ಮೂವರನ್ನು ಆರಿಸಿಕೊಳ್ಳಬೇಕು. ನಾನು ವರ್ತಕನೇ ಬೇಕೆಂದೆ. ಅವನಿದ್ದರೆ ಗೆದ್ದಾಗ ನಾಲ್ಕು ಕಾಸು ಹೆಚ್ಚು ಸಿಗುತ್ತದೆ.

"ಯುದ್ಧಕ್ಕೆ ಯಾರಾದ್ರೂ ಲೆಕ್ಕದವರನ್ನ ಕರ್ಕೊಂಡು ಹೋಗ್ತಾರಾ ಅಜ್ಜ?" ಎಂದು ಅವನು ನಕ್ಕ.

ಊರ ಹೊರಗೆ ಎದುರಾದ ಮೊದಲ ಶತ್ರು ನೀರಿನ ಹನಿಯಂಥ ನೀಲಿ ಮುದ್ದೆ. ಇಲ್ಲಿ ಗಡಿಬಿಡಿಯಿಲ್ಲ. ನಾವು ಯೋಚಿಸಿ ಹೇಳುವವರೆಗೆ ಶತ್ರು ಕಾಯುತ್ತಾನೆ. ನನ್ನ ಓರಗೆಯವರಿಗೆ ಹೇಳಿಸಿದ ಯುದ್ಧ!

ಭೂಪಟ ಬಿಡಿಸಿದರೆ ಎಲ್ಲೋ ನೋಡಿದ ಹಾಗಿದೆ. ಇಟಲಿಯ ಜಾಗದಲ್ಲಿ ರೊಮಾರಿಯಾ, ಈಜಿಪ್ಟಿನ ಜಾಗದಲ್ಲಿ ಪಿರಮಿಡ್ಡಿರುವ ಐಸಿಸ್. ಪಶ್ಚಿಮದ ಪೋರ್ಟೋಗಾ ಎಂಬಲ್ಲಿಗೆ ತಲುಪಿದಾಗ ಅಲ್ಲಿನ ರಾಜ ಹೇಳಿದ್ದನ್ನು ಮೊಮ್ಮಗ ಓದಿ ತಿಳಿಸಿದ: "ಪೂರ್ವದಿಂದ ಕಾಳುಮೆಣಸು ತಂದುಕೊಟ್ಟರೆ ಹಡಗು ಕೊಡ್ತಾನಂತೆ."

ನಾನು ನೆಟ್ಟಗೆ ಕೂತೆ.

ಪೂರ್ವಕ್ಕೆ ನಡೆದೆವು. ನದಿ ದಡದಲ್ಲೊಂದು ಪಟ್ಟಣ. ಹೆಸರು ಬಹರತ. "ಇದು ನಮ್ಮ ಇಂಡಿಯಾ!" ಎಂದ. ಅಲ್ಲಿ ಮೆಣಸಿನಂಗಡಿಯ ಹುಡುಗಿಯನ್ನು ಕಳ್ಳರು ಹೊತ್ತೊಯ್ದಿದ್ದರು. ಗುಹೆಗೆ ಹೋಗಿ ಅವಳನ್ನು ಬಿಡಿಸಿ ತಂದ ಮೇಲೆ ಮೆಣಸು ಪುಕ್ಕಟೆ ಸಿಕ್ಕಿತು.

ಅವನಿಗೆ ಹೇಳಿದೆ: ಇದು ಪೂರ್ತಿ ಕಟ್ಟುಕಥೆಯಲ್ಲ ಮಗಾ. 1498ರಲ್ಲಿ ಪೋರ್ಚುಗಲ್ಲಿನ ವಾಸ್ಕೊ ಡ ಗಾಮ ಸಮುದ್ರ ಸುತ್ತಿ ಕಲ್ಲಿಕೋಟೆಗೆ ಬಂದದ್ದು ಮೆಣಸಿನಂಥ ಸಾಂಬಾರ ಪದಾರ್ಥಗಳಿಗಾಗಿ. ನಮ್ಮ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಕುಮಟಾದ ಹತ್ತಿರ ಮಿರ್ಜಾನ್ ಕೋಟೆ ಈಗಲೂ ಇದೆ. ಶಿರಸಿಯ ಕಡೆ ನಮ್ಮ ತೋಟದಲ್ಲೂ ಮೆಣಸಿದೆ.

"ನಮ್ಮದೂ ಇದೆಯಾ? ಮೆಣಸು ಮರದಲ್ಲಿ ಬಿಡತ್ತಾ?"

ಉತ್ತರಿಸಲು ತಡವರಿಸಿದೆ. ಹನ್ನೊಂದು ವರ್ಷದ ಹುಡುಗ ಮೆಣಸನ್ನು ಡಬ್ಬಿಯಲ್ಲಿ ಮಾತ್ರ ಕಂಡಿದ್ದ. ತಪ್ಪು ಅವನದಲ್ಲ. ಅದೇ ಹೊತ್ತಿಗೆ ನನ್ನ ಚೀಲದಲ್ಲಿ ತೋಟ ಮಾರುವ ಒಪ್ಪಿಗೆಯ ಕಾಗದ ಮಡಚಿಕೊಂಡು ಕೂತಿತ್ತು. ಸೊರಗು ರೋಗದಿಂದ ಬಳ್ಳಿಗಳು ಸಾಯುತ್ತಿವೆ, ನೋಡಿಕೊಳ್ಳುವವರಿಲ್ಲ ಎಂದು ತಮ್ಮ ಕಳಿಸಿದ್ದ. ನಾನೊಂದು ರುಜು ಹಾಕಿದರೆ ಮುಗಿಯುತ್ತಿತ್ತು.

ಹಾಕಲಿಲ್ಲ. ದಸರಾ ರಜೆಗೆ ಮೊಮ್ಮಗನನ್ನು ಶಿರಸಿ ಬಸ್ಸು ಹತ್ತಿಸಿದೆ.

ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯಲ್ಲಿ ಹಸಿರು ಕಾಳಿನ ಗೊಂಚಲುಗಳು ಜೋತಾಡುತ್ತಿದ್ದವು. ಬೇಡವೆಂದರೂ ಒಂದು ಕಾಳು ಕಚ್ಚಿದ. ಕಣ್ಣಲ್ಲಿ ನೀರು! "ಇದಕ್ಕೆ ಹಡಗು ಕೊಟ್ಟಿದ್ದು ಸರಿ" ಎಂದ. ತಮ್ಮನಿಗೆ ನಗು ತಡೆಯಲಾಗಲಿಲ್ಲ.

ಆಮೇಲೆ ಅವನು ಕಪ್ಪಾಗಿ ಒಣಗಿದ ಬಳ್ಳಿಗಳನ್ನು ಎಣಿಸುತ್ತ ಹೋದ. ನಲವತ್ತೊಂದು. "ಇಲ್ಲೆಲ್ಲ ಹೊಸ ಬಳ್ಳಿ ನೆಡೋಕಾಗಲ್ವಾ ಚಿಕ್ಕಜ್ಜ?"

"ಮಳೆಗಾಲ ಹಿಡಿದ ಮೇಲೆ ನೆಡಬಹುದು ಮಾಣಿ. ಆಮೇಲೆ ನೋಡಿಕೊಳ್ಳೋರು ಯಾರು?" ಎಂದ ತಮ್ಮ. ಇಬ್ಬರೂ ನನ್ನ ಮುಖ ನೋಡಿದರು.

ನನಗೀಗ ಎಪ್ಪತ್ತನಾಲ್ಕು. ಬಳ್ಳಿ ಫಲ ಕೊಡಲು ಮೂರು ವರ್ಷವಾದರೂ ಬೇಕು. ಲೆಕ್ಕ ಹಾಕಿದರೆ ಲಾಭದ ಕಡೆ ಏನೂ ಕಾಣುವುದಿಲ್ಲ. ಆದರೂ ಕಾಗದ ಇನ್ನೂ ಚೀಲದಲ್ಲೇ ಇದೆ, ರುಜುವಿಲ್ಲದೆ. ಜೂನ್ ತಿಂಗಳಿಗೆ ಊರಿಗೆ ಬರುತ್ತೇನೆಂದು ತಮ್ಮನಿಗೆ ಹೇಳಿಬಿಟ್ಟಿದ್ದೇನೆ.

ಆಟದಲ್ಲಿ ನಮ್ಮ ಹಡಗು ಪೋರ್ಟೋಗಾದ ಬಂದರಿನಲ್ಲಿ ನಿಂತಿದೆ. "ನೀನು ಬರೋ ತನಕ ಬಿಡಲ್ಲ ಅಜ್ಜ" ಎಂದಿದ್ದಾನೆ ಮೊಮ್ಮಗ.