ಚಿನ್ನದೂರಿನಲ್ಲಿ ನಾಣ್ಯದ ಯೋಚನೆ

ರಾಬರ್ಟ್‌ಸನ್‌ಪೇಟೆಗೆ ಹೊರಟಿರಾ ಸೋದರಿಯರೇ? ಬಂಗಾರಪೇಟೆಯಲ್ಲಿಳಿದು ಬಿಳಿನೀರಿನ ಪಾನಿಪುರಿ ತಿಂದೇ ಮುಂದೆ ಹೋಗಿ. ಊರು ಹತ್ತಿರವಾದಂತೆ ಸಯನೈಡ್ ದಿಬ್ಬಗಳು ಕಾಣುತ್ತವೆ, ಚಿನ್ನ ತೆಗೆದು ಉಳಿದ ಮಣ್ಣು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು.

ಎಂ.ಜಿ. ಮಾರ್ಕೆಟ್ಟಿನಲ್ಲಿ ತರಕಾರಿಗೆ ಚಿಲ್ಲರೆ ಎಣಿಸುವಾಗ ನನಗೊಂದು ಯೋಚನೆ ಬಂತು. ರಾಷ್ಟ್ರೀಯ ಸ್ವಯಂಸೇವಕ ಸಂಘದ ಶತಮಾನದ ನೆನಪಿಗೆ 2025ರ ಅಕ್ಟೋಬರ್ 1ರಂದು ಬಂದ 100 ರೂಪಾಯಿ ನಾಣ್ಯದಲ್ಲಿ ಸಿಂಹದೊಡನೆ ಭಾರತಮಾತೆ ಇದ್ದಾಳಲ್ಲ, ಅಷ್ಟು ಪುಟ್ಟ ಬಿಲ್ಲೆಯಲ್ಲಿ ತಾಯಿಯ ಮುಖ ಕೂರಿಸುವುದೇನು ಹುಡುಗಾಟವೇ? ಅಂಗಳದ ರಂಗೋಲಿಯನ್ನು ಕುಂಕುಮದ ಭರಣಿಯ ಮುಚ್ಚಳದ ಮೇಲೆ ಬಿಡಿಸಿ ನೋಡಿ, ಗೊತ್ತಾಗುತ್ತೆ! 1905ರಲ್ಲಿ ಅವನೀಂದ್ರನಾಥ ಟಾಗೋರರು ಬರೆದ ಭಾರತಮಾತೆಗೆ ನಾಲ್ಕು ಕೈ: ಪುಸ್ತಕ, ಭತ್ತದ ತೆನೆ, ಬಟ್ಟೆ, ಜಪಮಾಲೆ. ಕಾಗದಕ್ಕೆ ಸರಿ, ನಾಣ್ಯದಲ್ಲಾದರೆ ತೆನೆ ಯಾವುದು, ಬೆರಳು ಯಾವುದು? ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸು ಮಾಡಿದವರು ಜಾಣರು. ಸಿಂಹವನ್ನಷ್ಟೇ ಬಿಡಿಸಿ, ‘ಶ್ರೀ ಚಾಮುಂಡಿ’ ಎಂದು ಕನ್ನಡದಲ್ಲಿ ಬರೆದುಬಿಟ್ಟರು.

ನನ್ನನ್ನು ಕೇಳಿದ್ದರೆ, ತಾಯಿಯ ಕೈಗೆ ಬುತ್ತಿ ಕೊಟ್ಟು ಶಾಫ್ಟಿನ ಬಾಯಲ್ಲಿ ನಿಲ್ಲಿಸುತ್ತಿದ್ದೆ. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಕೆಳಗೆ ಬಂಡೆ ಸಿಡಿದರೆ ಮೇಲಿನ ಮನೆಗಳೇ ಅಲುಗುತ್ತಿದ್ದವು. ಗಂಡ ಮೇಲೆ ಬರುವ ತನಕ ಆಕೆಗೆ ಅನ್ನ ಇಳಿಯುತ್ತಿತ್ತೇ? ಹಿಂದೆ ಸಿಂಹವೂ ಬೇಡ, ಗಣಿಯ ಆ ಕಬ್ಬಿಣದ ಗೋಪುರ ಸಾಕು.